ಬೆಲ್ಲ ಬೆವರುವ ತಿಂಗಳು

ಪಂಚಮಿಗೆ ಇನ್ನು ನಾಲ್ಕೇ ದಿನ. ಎಳ್ಳು, ಶೇಂಗಾ ಹುರಿದಾಗಿತ್ತು. ಪುಟಾಣಿ ಬೀಸಿಕೊಂಡು ಬಂದಾಗಿತ್ತು. ಉಂಡಿಗೆ ಬೆಲ್ಲ ತೆಗೆಯೋಣವೆಂದು ಅಡುಗೆಮನೆ ಕಟ್ಟೆಯ ಕೆಳಗೆ ಕೈ ಹಾಕಿದರೆ ಬೆರಳೆಲ್ಲ ಅಂಟಂಟು. ಬೇಸಿಗೆಯಲ್ಲಿ ಅಗ್ಗಕ್ಕೆ ಸಿಕ್ಕಿತೆಂದು ತಂದು, ಪ್ಲಾಸ್ಟಿಕ್ ಚೀಲದಲ್ಲಿ ತುರುಕಿ, ಬಾಯಿಗೆ ಸುತಳಿ ಬಿಗಿದು ಇಟ್ಟಿದ್ದ ಹತ್ತು ಕಿಲೋದ ಪೆಂಟಿ ಅದು. ತಳದಿಂದ ಕರಗಿ, ಚೀಲದ ಸಣ್ಣ ತೂತಿನಿಂದ ಜಿನುಗಿ, ಹಾಸುಬಂಡೆಯ ಸಂದಿಗೆ ಇಳಿದಿತ್ತು. ಇರುವೆಗಳು ಹೋಗಲೊಂದು, ಬರಲೊಂದು ಸಾಲು ಮಾಡಿಕೊಂಡಿದ್ದವು. ಕರಗಿದ್ದನ್ನು ಮೂಗಿನ ಹತ್ತಿರ ತಂದರೆ ಹುಳಿತ ಸೇಂದಿಯ ವಾಸನೆ.

ಅವ್ವ ಬಂದು ನೋಡಿದಳು. ಬೈಯಲಿಲ್ಲ. "ಹಸೀ ಬೆಲ್ಲದ ಬಾಯಿ ಕಟ್ಟಿ ಇಟ್ಟೀದಿ. ಬೆವರಲಾರ್ದ ಏನ್ ಮಾಡ್ತೈತಿ ಅದು?" ಎಂದು ಕೇಳಿ, ನೆತ್ತಿಯ ಗಟ್ಟಿ ಭಾಗವನ್ನಷ್ಟೇ ಒಡೆದು ತೆಗೆದುಕೊಂಡು, ಹುಳಿತದ್ದನ್ನು ತಿಪ್ಪೆಗೆ ಕಳಿಸಿದಳು.

ಆ ವರ್ಷ ಉಂಡಿಗೆ ಅಂಗಡಿಯಿಂದ ಬೇರೆ ಬೆಲ್ಲ ಬಂತು. ಆದರೆ ಅವ್ವನ ಮಾತು ತಲೆಯಲ್ಲಿ ಉಳಿಯಿತು. ಬೆಲ್ಲ ಬೆವರುವುದೆಂದರೇನು? ಸಕ್ಕರೆ ಡಬ್ಬಿಯಲ್ಲಿ ವರ್ಷಗಟ್ಟಲೆ ಕೂತರೂ ಹಾಗೆಯೇ ಇರುತ್ತದೆ, ಬೆಲ್ಲ ಯಾಕೆ ಇರುವುದಿಲ್ಲ? ಕೇಳುತ್ತ ಹೋದಂತೆ ತಿಳಿದದ್ದು ಇಷ್ಟು: ಗಾಣದಿಂದ ಹಿಡಿದು ಡಬ್ಬಿಯವರೆಗೆ ಬೆಲ್ಲದ ವ್ಯವಹಾರವೆಲ್ಲ ನೀರಿನ ಜೊತೆ. ಪಾಕ ಕೆಡುವುದು, ಪಾಯಸ ಒಡೆಯುವುದು, ಪೆಂಟಿ ಕರಗುವುದು ಬೇರೆ ಬೇರೆ ತೊಂದರೆಗಳಂತೆ ಕಂಡರೂ, ಹೆಚ್ಚಿನವುಗಳ ಬೇರು ಹಿಡಿದು ಹೋದರೆ ಸಿಗುವುದು ಎಷ್ಟು ನೀರು, ಯಾವ ಹೊತ್ತಿನಲ್ಲಿ ಎಂಬ ಲೆಕ್ಕವೇ.

ಹುಟ್ಟುವ ಕಾಲ, ಬೇಕಾಗುವ ಕಾಲ

ನಮ್ಮ ಕಡೆ ಬೆಲ್ಲಕ್ಕೊಂದು ವಿಚಿತ್ರ ಪಂಚಾಂಗವಿದೆ. ಉತ್ತರ ಕರ್ನಾಟಕದ ಗಾಣಗಳು ಜೋರಾಗಿ ತಿರುಗುವುದು ದೀಪಾವಳಿ ಕಳೆದ ಮೇಲೆ. ಚಳಿಗೆ ಕಬ್ಬಿನಲ್ಲಿ ಸಿಹಿ ಕೂಡಿಕೊಳ್ಳುತ್ತದೆ. ಶಿವರಾತ್ರಿ, ಯುಗಾದಿಯ ಹೊತ್ತಿಗೆ ಆ ಭರಾಟೆ ಇಳಿಯುತ್ತದೆ. ಅಂದರೆ ಒಳ್ಳೆಯ ಬೆಲ್ಲ ಹುಟ್ಟುವುದು ಚಳಿ ಮತ್ತು ಒಣಗಾಳಿಯ ತಿಂಗಳುಗಳಲ್ಲಿ.

ಬೆಲ್ಲ ರಾಶಿಗಟ್ಟಲೆ ಬೇಕಾಗುವುದು ಯಾವಾಗ? ಶ್ರಾವಣ ಬಂದ ಮೇಲೆ. ಪಂಚಮಿಗೆ ಎಳ್ಳುಂಡಿ, ಶೇಂಗಾ ಉಂಡಿ, ತಂಬಿಟ್ಟು. ಶ್ರಾವಣ ಸೋಮವಾರಗಳಿಗೆ ಹೋಳಿಗೆ. ಗಣೇಶನಿಗೆ ಕಡಬು. ಆಮೇಲೆ ಮಹಾನವಮಿ, ಶೀಗಿ ಹುಣ್ಣಿಮೆ, ದೀಪಾವಳಿ. ಚಂದ್ರಮಾನದ ಲೆಕ್ಕದಲ್ಲಿ ತಿಂಗಳು ಸರಿಯುತ್ತ ಬರುವ ಮೊಹರಂ ಕೆಲವು ವರ್ಷ ಮಳೆಗಾಲದಲ್ಲೇ ಬೀಳುತ್ತದೆ. ಲಿಂಗಸುಗೂರು ತಾಲೂಕಿನ ಮುದಗಲ್ಲಿನ ಮೊಹರಂ ಎಂದರೆ ಸುತ್ತಲ ಜಿಲ್ಲೆಗಳ ಜನ, ಹಿಂದೂ ಮುಸ್ಲಿಂ ಎನ್ನದೆ ಕೂಡುವ ಹಬ್ಬ. ಅಲಾಯಿ ದೇವರಿಗೆ ಒಯ್ಯುವ ಚೊಂಗೆಗೂ ಮಲೀದಾಕ್ಕೂ ಬೆಲ್ಲವೇ ಬೇಕು.

ಹುಟ್ಟಿಗೂ ಬಳಕೆಗೂ ನಡುವೆ ಐದಾರು ತಿಂಗಳು. ಆ ನಡುವೆ ಒಂದು ಮಳೆಗಾಲ. ಬೆಲ್ಲ ಕಾಯ್ದಿಡುವ ವಿದ್ಯೆ ಹುಟ್ಟಿದ್ದೇ ಈ ಅಂತರದಿಂದ.

ನಮ್ಮೂರು ಸಿಂಧನೂರಿನ ಮಟ್ಟಿಗೆ ಇದಕ್ಕೆ ಇನ್ನೊಂದು ಗಂಟು. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ ಬಿಸಿಲು ನಲವತ್ತು ಡಿಗ್ರಿ ದಾಟುತ್ತದೆ. ಗಾಳಿ ಎಷ್ಟು ಒಣಗಿರುತ್ತದೆಂದರೆ ಅಂಗಳದಲ್ಲಿ ಹರವಿದ ಹಪ್ಪಳ, ಶಾವಿಗೆ ಒಪ್ಪತ್ತಿನಲ್ಲಿ ಗರಿಗರಿಯಾಗುತ್ತವೆ. ಆಗ ಬೆಲ್ಲವೂ ಕಲ್ಲು. ಜುಲೈ ಹೊತ್ತಿಗೆ ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಿಟ್ಟರು, ನಾಟಿ ಶುರುವಾಯಿತು ಎಂದರೆ ಊರಿನ ಸುತ್ತ ಗದ್ದೆಗಳಲ್ಲಿ ನೀರು ನಿಲ್ಲುತ್ತದೆ. ಮೇಲೆ ಮೋಡ, ಕೆಳಗೆ ಕೆಸರು. ತೊಗರಿ, ಸಜ್ಜಿ ಬಿತ್ತುವ ಮಸ್ಕಿಯ ಮಳೆಯಾಶ್ರಿತ ಊರಿನ ನೆಂಟರ ಮನೆಯಲ್ಲಿ ಗಟ್ಟಿಯಾಗಿಯೇ ಇರುವ ಪೆಂಟಿ, ಗದ್ದೆ ಬದಿಯ ಮನೆಯಲ್ಲಿ ಒದ್ದೆಯಾಗುವುದನ್ನು ಕಂಡಿದ್ದೇನೆ.

ಒಂದೇ ಊರು, ಮೂರು ಒಲೆ

ಸಿಂಧನೂರಿನ ಸೀಮೆ ಕಬ್ಬಿನದಲ್ಲ. ಇಲ್ಲಿಯ ಬೆಲ್ಲವೆಲ್ಲ ಲಾರಿ ಏರಿ ಬರುವಂಥದು. ಕಿರಾಣಿ ಅಂಗಡಿಯಲ್ಲಿ ಕೇಳಿದರೆ "ಮಹಾಲಿಂಗಪುರದ್ದು ಐತ್ರಿ, ಕೊಲ್ಲಾಪುರದ್ದು ಐತ್ರಿ" ಎನ್ನುತ್ತಾರೆ. ಬಾಗಲಕೋಟೆ ಜಿಲ್ಲೆಯ ಮಹಾಲಿಂಗಪುರ ಬೆಲ್ಲದ ಪೇಟೆಗೆ ಹಳೆಯ ಹೆಸರು. ಹತ್ತಿರದ ಕಬ್ಬಿನ ಸೀಮೆ ಎಂದರೆ ಗಂಗಾವತಿ ದಾಟಿ ಹೊಳೆಯಾಚೆಗೆ ಕಂಪ್ಲಿ, ಹೊಸಪೇಟೆ. ಅಲ್ಲಿ ವಿಜಯನಗರದ ಅರಸರ ಕಾಲದ ಕಾಲುವೆಗಳ ನೀರಿನಲ್ಲಿ ಇಂದಿಗೂ ಬಾಳೆ, ಕಬ್ಬು ನಿಂತಿವೆ. ಗಾಣಗಳೂ ಇವೆ.

ಕಬ್ಬು ಬೆಳೆಯದ ಊರಾದರೂ ಬೆಲ್ಲದ ಅಡುಗೆಯಲ್ಲಿ ಸಿಂಧನೂರು ಸಿರಿವಂತ ಊರು. ಅದಕ್ಕೂ ನೀರೇ ಕಾರಣ. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿದು ಕಾಲುವೆ ಬರುವ ಮುಂಚೆ ಇದು ಜೋಳ, ಸಜ್ಜಿ, ಎಳ್ಳು, ಶೇಂಗಾದ ನೆಲ. ಹಾಗಾಗಿ ಇಲ್ಲಿಯ ಮೂಲ ಒಲೆಯಲ್ಲಿ ಬೆಲ್ಲ ಕೂಡುವುದು ಎಳ್ಳಿನ ಜೊತೆ, ಶೇಂಗಾದ ಜೊತೆ, ಕಡ್ಲಿಬೇಳೆಯ ಜೊತೆ, ಗೋಧಿಯ ಹುಗ್ಗಿ ಮತ್ತು ಮಾದ್ಲಿಯ ಜೊತೆ. ಸಿಹಿ ಬಿಟ್ಟರೂ, ಬದನೆಕಾಯಿ ಎಣ್ಣಿಗಾಯಿಗೆ ಗುರೆಳ್ಳು ಪುಡಿಯ ಜೊತೆ ಅಡಿಕೆಯಷ್ಟು ಬೆಲ್ಲ ಬೀಳದಿದ್ದರೆ ಹುಣಸೆಹುಳಿ ಒಂಟಿಯಾಗಿ ನಿಲ್ಲುತ್ತದೆ.

ಕಾಲುವೆಯ ಹಿಂದೆಯೇ ಕರಾವಳಿ ಆಂಧ್ರದ ರೈತರು ಬಂದರು. ಎರಿಭೂಮಿಯನ್ನು ಗದ್ದೆ ಮಾಡಿ ಕ್ಯಾಂಪುಗಳನ್ನು ಕಟ್ಟಿದರು. ಅವರ ಜೊತೆ ಅರಿಸೆಲು ಬಂತು. ಅಕ್ಕಿ ನೆನೆಸಿ, ಬಸಿದು, ತೇವ ಆರುವ ಮುಂಚೆಯೇ ಕುಟ್ಟಿದ ಹಿಟ್ಟನ್ನು ಬೆಲ್ಲದ ಪಾಕಕ್ಕೆ ಸುರಿದು, ತಟ್ಟಿ, ಕರಿದು, ಎರಡು ಜಾಲರಿ ಸೌಟುಗಳ ನಡುವೆ ಒತ್ತಿ ಎಣ್ಣೆ ಹಿಂಡುತ್ತಾರೆ. ನಮ್ಮ ಅತ್ರಾಸ, ಹಳೇ ಮೈಸೂರಿನ ಕಜ್ಜಾಯದ ಸೋದರ ಸಂಬಂಧಿ. ಪೂರ್ವ ಪಾಕಿಸ್ತಾನದಿಂದ ನಿರಾಶ್ರಿತರಾಗಿ ಬಂದು ಇಲ್ಲಿಯ ಆರ್.ಎಚ್. (ಪುನರ್ವಸತಿ) ಕ್ಯಾಂಪುಗಳಲ್ಲಿ ನೆಲೆ ಕಂಡ ಬಂಗಾಳಿ ಕುಟುಂಬಗಳಿಗೆ ಸಂಕ್ರಾಂತಿ ಎಂದರೆ ಪಿಠೆ. ಅಕ್ಕಿ ಹಿಟ್ಟಿನ ಹೊದಿಕೆ, ಒಳಗೆ ಕಾಯಿ ಬೆಲ್ಲದ ಹೂರಣ. ಅವರ ಮೂಲ ಸೀಮೆಯಲ್ಲಿ ಇದಕ್ಕೆ ಚಳಿಗಾಲದಲ್ಲಿ ಇಳಿಸಿದ ಈಚಲು ರಸದ ಬೆಲ್ಲ ಬೇಕು. ಅದು ಸಿಗದಲ್ಲಿ ಕಬ್ಬಿನ ಬೆಲ್ಲವೇ ಒಲೆ ಏರುತ್ತದೆ.

ಜನವರಿಯ ಮಧ್ಯದಲ್ಲಿ ಒಂದೇ ದಿನ, ಒಂದೇ ತಾಲೂಕಿನಲ್ಲಿ ಎಳ್ಳು ಹೋಳಿಗೆ, ಅರಿಸೆಲು, ಪಿಠೆ ಮೂರೂ ಬೇಯುತ್ತವೆ. ಭಾಷೆ ಬೇರೆ, ಹಿಟ್ಟು ಬೇರೆ. ಆದರೆ ಮೂರು ಒಲೆಯ ಮುಂದೆ ಕೂತವರ ಆತಂಕ ಒಂದೇ: ಬೆಲ್ಲದಲ್ಲಿ ನೀರು ಹೆಚ್ಚಾಯಿತೋ, ಕಮ್ಮಿಯಾಯಿತೋ?

ಕೊಪ್ಪರಿಗೆಯಲ್ಲಿ ಉಳಿದ ನೀರು

ಗಾಣದಲ್ಲಿ ಹಿಂಡಿದ ಕಬ್ಬಿನ ಹಾಲಿನಲ್ಲಿ ನೂರಕ್ಕೆ ಸುಮಾರು ಎಂಬತ್ತು ಪಾಲು ನೀರು. ಅದನ್ನು ಹೊರಗಟ್ಟುವುದೇ ಬೆಲ್ಲ ಮಾಡುವವನ ಕೆಲಸ. ಕೊಪ್ಪರಿಗೆಗೆ ಹಾಲು ಬಿಟ್ಟು, ಕಬ್ಬಿನ ಒಣಗಿದ ಹಿಪ್ಪೆಯನ್ನೇ ಒಲೆಗೆ ಉರುವಲು ಮಾಡುತ್ತಾರೆ. ರಸದ ಹುಳಿ ಕಳೆಯಲು ಒಂದಿಷ್ಟು ಸುಣ್ಣದ ತಿಳಿ. ಬೆಂಡೆ ಗಿಡದ ಕಾಂಡ ಜಜ್ಜಿ ತೆಗೆದ ಲೋಳೆ ಹಾಕಿದರೆ ಕೊಳೆಯೆಲ್ಲ ಅದಕ್ಕೆ ಅಂಟಿ ಮೇಲೆ ತೇಲುತ್ತದೆ. ಆ ಮಡ್ಡಿಯನ್ನು ಜಾಲರಿಯಿಂದ ಎತ್ತಿ ಎಸೆಯುತ್ತಾರೆ. ನೂರು ಕಿಲೋ ಕಬ್ಬು ಅರೆದರೆ ಕೊನೆಗೆ ಕೈಗೆ ಬರುವುದು ಹತ್ತು, ಹೆಚ್ಚೆಂದರೆ ಹನ್ನೆರಡು ಕಿಲೋ ಬೆಲ್ಲ.

ನೀರು ನೂರು ಡಿಗ್ರಿಗೆ ಕುದಿಯುತ್ತದೆ. ಸಿಹಿ ಕೂಡಿದ ನೀರು ಅದಕ್ಕಿಂತ ಮೇಲೆ. ನೀರು ಕಮ್ಮಿಯಾದಷ್ಟೂ ಕುದಿಯುವ ಬಿಸಿ ಏರುತ್ತದೆ. ಸುಮಾರು 105 ಡಿಗ್ರಿಗೆ ಕೊಪ್ಪರಿಗೆ ಇಳಿಸಿದರೆ ಅದು ಗಟ್ಟಿಯಾಗುವುದಿಲ್ಲ. ಶಿರಸಿ, ಸಾಗರದ ಕಡೆ ದೋಸೆಗೆ ಸುರಿದುಕೊಳ್ಳುವ ಜೋನಿ ಬೆಲ್ಲ ಅದು. 116ರಿಂದ 118 ಡಿಗ್ರಿಯ ಆಸುಪಾಸಿಗೆ ಇಳಿಸಿ, ತಿರುವಿ, ಅಚ್ಚಿಗೆ ಹೊಯ್ದರೆ ನಮ್ಮ ಪೆಂಟಿ. ಇನ್ನೂ ಎರಡು ಮೂರು ಡಿಗ್ರಿ ಏರಿಸಿ ಉಜ್ಜಿದರೆ ಪುಡಿ ಬೆಲ್ಲ. ಹಳಬರು ಥರ್ಮಾಮೀಟರು ಹಿಡಿದವರಲ್ಲ. ಕುದಿಯುವ ಗುಳ್ಳೆಯ ಗಾತ್ರ, ಸೌಟಿನಿಂದ ಇಳಿಯುವ ಎಳೆ, ಏಳುವ ವಾಸನೆ ನೋಡಿಯೇ "ಇಳಸ್ರೀ" ಎನ್ನುತ್ತಿದ್ದರು. ಆ ಒಂದು ಕೂಗು ಅರ್ಧ ನಿಮಿಷ ಮುಂಚೆ ಬಿದ್ದರೆ, ಜುಲೈಯಲ್ಲಿ ನಮ್ಮ ಮನೆಯ ಪೆಂಟಿ ಬೆವರುತ್ತದೆ.

ಸಕ್ಕರೆಗೂ ಬೆಲ್ಲಕ್ಕೂ ಇರುವ ವ್ಯತ್ಯಾಸ ಇಲ್ಲೇ ಇದೆ. ಸಕ್ಕರೆ ಕಾರ್ಖಾನೆಯಲ್ಲಿ ಹರಳನ್ನು ಬೇರೆ ಮಾಡಿ, ಅದರ ಮೈಗಂಟಿದ ಕಾಕಂಬಿಯನ್ನು ಯಂತ್ರದಲ್ಲಿ ಗಿರಗಿರ ತಿರುಗಿಸಿ ಹೊರಹಾಕುತ್ತಾರೆ. ಬೆಲ್ಲದಲ್ಲಿ ಯಾವುದನ್ನೂ ಬೇರ್ಪಡಿಸುವುದಿಲ್ಲ. ಹರಳಾಗುವ ಸುಕ್ರೋಸ್ ಜೊತೆಗೆ ಹರಳಾಗದ ಗ್ಲೂಕೋಸ್, ಫ್ರಕ್ಟೋಸ್, ಖನಿಜದ ಲವಣಗಳು, ಕಬ್ಬಿನ ಬಣ್ಣ, ವಾಸನೆ ಎಲ್ಲ ಉಳಿಯುತ್ತವೆ. ಬೆಲ್ಲಕ್ಕೆ ಆ ರುಚಿ ಬಂದದ್ದು ಇವುಗಳಿಂದಲೇ. ಬೆಲ್ಲ ನೀರು ಕುಡಿಯುವುದೂ ಇವುಗಳಿಂದಲೇ. ಅದರಲ್ಲೂ ಫ್ರಕ್ಟೋಸ್‌ಗೆ ಗಾಳಿಯ ತೇವವೆಂದರೆ ಬಿಡದ ನಂಟು. ಕಡಿದ ಕಬ್ಬನ್ನು ದಿನಗಟ್ಟಲೆ ಬಿಸಿಲಿಗೆ ಬಿಟ್ಟು ಆಮೇಲೆ ಅರೆದರೆ ಸುಕ್ರೋಸ್ ಒಡೆದು ಫ್ರಕ್ಟೋಸ್, ಗ್ಲೂಕೋಸ್ ಹೆಚ್ಚುತ್ತವೆ. ಅಂಥ ಕಬ್ಬಿನ ಬೆಲ್ಲ ಅಚ್ಚಿನಲ್ಲೂ ಸರಿಯಾಗಿ ಕೂರುವುದಿಲ್ಲ, ಡಬ್ಬಿಯಲ್ಲೂ ಬಾಳುವುದಿಲ್ಲ.

ಬಟ್ಟಲು ನೀರಿನ ಪರೀಕ್ಷೆ

ಮನೆಯ ಒಲೆಯ ಮೇಲೆ ನಾವು ಮಾಡುವುದು ಗಾಣದ ಕೆಲಸದ ಚಿಕ್ಕ ನಕಲು. ಬೆಲ್ಲಕ್ಕೆ ಮೊದಲು ಒಂದಿಷ್ಟು ನೀರು ಕೊಡುತ್ತೇವೆ, ಆಮೇಲೆ ಅದನ್ನೇ ಕುದಿಸಿ ಕಳೆಯುತ್ತೇವೆ.

ಕೊಟ್ಟು ಕಳೆಯುವುದು ಯಾಕೆಂದರೆ, ನೀರಿನಲ್ಲಿ ಕರಗಿಸದೆ ಬೆಲ್ಲ ಸೋಸಲಾಗದು. ಎಷ್ಟೇ ಒಳ್ಳೆಯ ಪೆಂಟಿಯಾದರೂ ಹಿಪ್ಪೆಯ ಎಳೆ, ಮರಳಿನ ಕಣ ಇದ್ದೇ ಇರುತ್ತವೆ. ಬೆಲ್ಲ ಮುಳುಗುವಷ್ಟೂ ಬೇಡ, ತಳ ಒದ್ದೆಯಾಗುವಷ್ಟು ನೀರು ಸಾಕು. ಕರಗಿದ ಮೇಲೆ ತೆಳು ಬಟ್ಟೆಯಲ್ಲಿ ಸೋಸಿ ಮತ್ತೆ ಒಲೆಗೆ.

ಅವ್ವನ ಎಡಗೈ ಪಕ್ಕ ಒಂದು ಬಟ್ಟಲು ತಣ್ಣೀರು. ಪಾಕ ಕುದಿಯುತ್ತಿದ್ದಂತೆ ಸೌಟಿನ ತುದಿಯಿಂದ ಒಂದು ಹನಿ ಅದರೊಳಗೆ. ಹನಿ ಹೊಗೆಯಂತೆ ಹರಡಿ ಮಾಯವಾದರೆ ಇನ್ನೂ ಹಸಿ. ಎರಡು ಬೆರಳ ನಡುವೆ ಹಿಡಿದು ಬಿಡಿಸಿದಾಗ ಒಂದೆಳೆ ಬಂದರೆ ಸುಮಾರು 105 ಡಿಗ್ರಿ ಮುಟ್ಟಿದೆ ಎಂದರ್ಥ. ಸ್ವಲ್ಪ ಹೊತ್ತಿಗೆ ಬಟ್ಟಲಿನ ತಳದಲ್ಲಿ ಹನಿ ಕೂಡಿಕೊಂಡು, ಬೆರಳಿಂದ ಉರುಳಿಸಿದರೆ ಮೆತ್ತನೆಯ ಗುಂಡಾಗುತ್ತದೆ. 115 ಡಿಗ್ರಿಯ ಆಸುಪಾಸಿನ ಉಂಡೆ ಪಾಕ ಅದು. ಅರಿಸೆಲಿಗೂ ಅತ್ರಾಸಕ್ಕೂ ಅದೇ ಗುರುತು. ಅಲ್ಲಿಂದ ಮುಂದೆ ಪಾಕದ ಓಟ ಜೋರು. ಕಳೆಯಬೇಕಾದ ನೀರು ಸ್ವಲ್ಪವೇ ಉಳಿದಿರುವುದರಿಂದ ಬಿಸಿ ಬೇಗ ಬೇಗ ಏರುತ್ತದೆ. 145 ಡಿಗ್ರಿ ದಾಟಿದಾಗ ತಣ್ಣೀರಿಗೆ ಬಿದ್ದ ಹನಿಯನ್ನು ಎತ್ತಿ ತಾಟಿಗೆ ಎಸೆದರೆ 'ಟಣ್' ಎನ್ನುತ್ತದೆ. ಶೇಂಗಾ ಚಿಕ್ಕಿಗೆ ಆ ಸದ್ದು ಬೇಕು. ಸದ್ದಿನ ಮುಂಚೆ ಇಳಿಸಿದರೆ ಚಿಕ್ಕಿ ಹಲ್ಲಿಗಂಟುತ್ತದೆ, ಸದ್ದಾದ ಮೇಲೂ ಬಿಟ್ಟರೆ ಕಹಿ.

ಪಾಕ ಕಡಿಮೆಯಾದ ಅರಿಸೆಲು ಎಣ್ಣೆಗೆ ಬಿದ್ದೊಡನೆ ಬಿಚ್ಚಿಕೊಳ್ಳುತ್ತದೆ. ಹೆಚ್ಚಾದದ್ದು ಮರುದಿನ ಹಂಚಿನ ಚೂರು. ಬೆವರಿದ ಹಳೇ ಬೆಲ್ಲದಲ್ಲಿ ಈ ಲೆಕ್ಕ ಇನ್ನಷ್ಟು ತಪ್ಪುತ್ತದೆ. ಫ್ರಕ್ಟೋಸ್ ಹೆಚ್ಚಿದ ಬೆಲ್ಲದಲ್ಲಿ ಮಾಡಿದ ಚಿಕ್ಕಿ ಸಂಜೆಗೇ ಮೆತ್ತಗಾಗುತ್ತದೆ. ಅದಕ್ಕೇ ಚಿಕ್ಕಿ ಮಾಡುವವರು ಹೊಸ ಗಟ್ಟಿ ಬೆಲ್ಲವನ್ನೇ ಆರಿಸಿ ಒಯ್ಯುತ್ತಾರೆ. ಒದ್ದೆ ಬೆಲ್ಲವನ್ನು ಹುಗ್ಗಿಗೆ, ಪಾನಕಕ್ಕೆ, ಸಾರಿಗೆ ಹಾಕಿದರೆ ಯಾರಿಗೂ ನಷ್ಟವಿಲ್ಲ.

ಬೇಳೆ ಮೊದಲು, ಹಾಲು ಕೊನೆಗೆ

ಹೊಸದಾಗಿ ಒಲೆ ಹಿಡಿದವರು ಹೋಳಿಗೆಯಲ್ಲಿ ಮಾಡುವ ಮೊದಲ ತಪ್ಪು, ಬೇಳೆ ಅರೆಬೆಂದಾಗಲೇ ಬೆಲ್ಲ ಹಾಕುವುದು. ಒಮ್ಮೆ ಬೆಲ್ಲ ಬಿತ್ತೆಂದರೆ ಆ ಬೇಳೆ ಎಷ್ಟು ಹೊತ್ತು ಕುದಿಸಿದರೂ ಜಪ್ಪಯ್ಯ ಅನ್ನುವುದಿಲ್ಲ. ಬೇಳೆಯ ಕಣಗಳನ್ನು ಗೋಡೆಗೆ ಗಾರೆಯಂತೆ ಹಿಡಿದಿಡುವುದು ಪೆಕ್ಟಿನ್ ಎಂಬ ಪದಾರ್ಥ. ಅದು ಬಿಸಿನೀರಿನಲ್ಲಿ ಸಡಿಲಾದಾಗ ಬೇಳೆ ಬೇಯುತ್ತದೆ. ಬೆಲ್ಲದ ಸಿಹಿ ನೀರನ್ನು ತನ್ನ ಕಡೆ ಹಿಡಿದುಕೊಳ್ಳುತ್ತದೆ. ಅದರ ಸುಣ್ಣದಂಶವೂ ಸ್ವಲ್ಪ ಹುಳಿಯೂ ಸೇರಿ ಆ ಗಾರೆಯನ್ನು ಗಟ್ಟಿ ಮಾಡುತ್ತವೆ. ಆದ್ದರಿಂದ ಕಡ್ಲಿಬೇಳೆ ಬೆರಳಿಗೆ ಹಿಸುಕುವಂತೆ ಬೆಂದು, ಕಟ್ಟು ಬಸಿದು, ಆಮೇಲೆಯೇ ಬೆಲ್ಲ. ಬಸಿದ ಕಟ್ಟು ಹೇಗೂ ಸಾರಿಗಾಗುತ್ತದೆ. ಅದಕ್ಕೆ ಒಂದು ಹಿಡಿ ಹೂರಣ ಕಲಸಿ, ಹುಣಸೆ, ಮಸಾಲೆ ಹಾಕಿ ಕುದಿಸಿದ ಕಟ್ಟಿನ ಸಾರು ಇಲ್ಲದ ಹೋಳಿಗೆ ಊಟ ನಮ್ಮಲ್ಲಿ ಊಟವೇ ಅಲ್ಲ.

ಬೆಲ್ಲ ಹಾಕಿದೊಡನೆ ಗಟ್ಟಿ ಇದ್ದ ಬೇಳೆ ನೀರಾಗುವುದನ್ನು ಕಂಡು ಗಾಬರಿಯಾಗುವವರಿದ್ದಾರೆ. ಅದು ಬೆಲ್ಲ ಬೇಳೆಯ ತೇವ ಎಳೆದುಕೊಂಡು ತಾನು ಕರಗಿದ್ದು. ಸೌಟು ನೆಟ್ಟಗೆ ನಿಲ್ಲುವವರೆಗೆ ಮಗುಚಿದರೆ ಸರಿ. ಹೂರಣ ಹಸಿಯಾಗಿ ಉಳಿದರೆ ಲಟ್ಟಣಿಗೆಯ ಕೆಳಗೆ ಹೋಳಿಗೆ ಒಡೆಯುತ್ತದೆ, ಮರುದಿನ ಹಳಸುತ್ತದೆ ಕೂಡ.

ಹಾಲಿನದು ಇದರ ತಿರುವು. ಕುದಿಯುವ ಹಾಲಿಗೆ ಬೆಲ್ಲ ಬಿದ್ದರೆ ಶಾವಿಗೆ ಪಾಯಸ ಎಷ್ಟೋ ಸಲ ಮೊಸರುಗಟ್ಟಿದಂತೆ ಒಡೆದುಬಿಡುತ್ತದೆ. ಬೆಲ್ಲ ಸಣ್ಣಗೆ ಹುಳಿ. ಅದು ತಂಪಿನಲ್ಲಿ ಹಾಲಿಗೆ ಏನೂ ಮಾಡದು. ಬಿಸಿ ಜೋರಿದ್ದಾಗ ಮಾತ್ರ ಆ ಹುಳಿಯೂ ಲವಣಗಳೂ ಕೂಡಿ ಹಾಲಿನ ಕೇಸಿನ್ ಪ್ರೋಟೀನನ್ನು ಗಡ್ಡೆಗಟ್ಟಿಸುತ್ತವೆ. ಶಾವಿಗೆಯನ್ನು ನೀರಿನಲ್ಲೇ ಬೇಯಿಸಿ, ಬೆಲ್ಲ ಹಾಕಿ ಒಂದು ಕುದಿ ಬರಿಸಿ, ಒಲೆ ಆರಿಸಿ, ಬಿಸಿ ಇಳಿದ ಮೇಲೆ ಕಾಸಿ ಆರಿಸಿದ ಹಾಲು ಬೆರೆಸುವುದು ಹಳೇ ದಾರಿ. ಬಂಗಾಳಿ ಪಾಯಸದಲ್ಲೂ ಇದೇ ಎಚ್ಚರ: ಹಾಲು ಅಕ್ಕಿ ಬೆಂದು, ಪಾತ್ರೆ ಒಲೆಯಿಂದ ಇಳಿದ ಮೇಲೆಯೇ ಬೆಲ್ಲ. ಬೆಲ್ಲ ಹಳೆಯದಾದಷ್ಟೂ, ಹುಳಿತಷ್ಟೂ ಹಾಲು ಒಡೆಯುವ ಭಯ ಹೆಚ್ಚು.

ಬಂಗಾರದ ಬಣ್ಣ, ಉಪ್ಪಿನ ರುಚಿ

ಅಂಗಡಿಯಲ್ಲಿ ಮೊದಲು ಕಣ್ಣಿಗೆ ಬೀಳುವುದು ಬಣ್ಣ. ನಿಂಬೆ ಹಳದಿಯ ಪೆಂಟಿ ಕಂಡರೆ ಕೈ ತಾನಾಗಿ ಹೋಗುತ್ತದೆ. ಆ ಬಣ್ಣ ಎಷ್ಟೋ ಸಲ ಹೈಡ್ರೋಸ್ ಎಂದು ಗಾಣದವರು ಕರೆಯುವ ಸೋಡಿಯಂ ಹೈಡ್ರೋಸಲ್ಫೈಟ್ ಪುಡಿಯ ಕೊಡುಗೆ. ಕುದಿಯುವ ರಸಕ್ಕೆ ಹಾಕಿದರೆ ಕಂದು ಬಣ್ಣ ಬಿಳಿಚಿಕೊಳ್ಳುತ್ತದೆ. ಬೆಲ್ಲದಲ್ಲಿ ಗಂಧಕದ ಅಂಶ ಉಳಿಯುತ್ತದೆ. ಆಹಾರ ಸುರಕ್ಷತಾ ನಿಯಮಗಳು ಅದಕ್ಕೆ ಮಿತಿ ಹಾಕಿರುವುದು ಸುಮ್ಮನೆ ಅಲ್ಲ. ತಮಾಷೆಯೆಂದರೆ ಆ ಬಂಗಾರ ನಿಲ್ಲುವುದೂ ಇಲ್ಲ. ಗಾಳಿ ತಾಗುತ್ತ ತಿಂಗಳು ಕಳೆದಂತೆ ಬೆಲ್ಲ ಮತ್ತೆ ಕಪ್ಪಾಗುತ್ತ ಬರುತ್ತದೆ.

ಹಾಗೆಂದು ಕಪ್ಪಾದದ್ದೆಲ್ಲ ಶುದ್ಧವೆಂಬ ಹೊಸ ನಂಬಿಕೆಯೂ ಸರಿಯಲ್ಲ. ಮಡ್ಡಿ ತೆಗೆಯದ ಬೆಲ್ಲ ಕಪ್ಪು. ತಳ ಹಿಡಿದ ಬೆಲ್ಲ ಕಪ್ಪು. ಕಳೆದ ವರ್ಷದ್ದೂ ಕಪ್ಪು. ಕಬ್ಬಿನ ತಳಿ, ನೆಲದ ಗುಣದಿಂದಲೂ ಬಣ್ಣ ಬದಲಾಗುತ್ತದೆ. ಬಣ್ಣಕ್ಕಿಂತ ನಾಲಿಗೆಯನ್ನು ನಂಬುವುದು ಮೇಲು. ಒಂದು ಚೂರು ಬಾಯಿಗೆ ಹಾಕಿ, ಕರಗುವ ಕೊನೆಯಲ್ಲಿ ಉಪ್ಪು ತಗುಲಿತೋ ನೋಡಿ. ಉಪ್ಪು ತಗುಲಿದರೆ ಆ ಕಬ್ಬು ಸವುಳು ನೆಲದ್ದೋ, ಸವುಳು ನೀರು ಕುಡಿದದ್ದೋ ಇರಬಹುದು. ಅಂಥ ಬೆಲ್ಲದ ಲವಣಗಳು ಗಾಳಿಯ ತೇವವನ್ನು ಎಳೆಯುತ್ತವೆ, ಅದು ಮಳೆಗಾಲ ದಾಟುವುದು ಕಷ್ಟ. ಕಾಲುವೆ ನೀರು ಅತಿಯಾಗಿ ನಿಂತ ಕಡೆ ನೆಲ ಸವುಳಾಗುವ ಕಥೆ ನಮ್ಮ ತುಂಗಭದ್ರಾ ಅಚ್ಚುಕಟ್ಟಿನವರಿಗೆ ಹೇಳಿಕೊಡಬೇಕಿಲ್ಲ.

ಆಹಾರ ನಿಯಮದ ಪ್ರಕಾರ ಗಟ್ಟಿ ಬೆಲ್ಲದಲ್ಲಿ ತೇವ ನೂರಕ್ಕೆ 10ರ ಒಳಗಿರಬೇಕು. ಮನೆಯಲ್ಲಿ ಅದನ್ನು ಅಳೆಯಲಾಗದು. ಆದರೆ ಉಗುರಿಗೆ ಅದು ಗೊತ್ತಾಗುತ್ತದೆ. ಒತ್ತಿದರೆ ಉಗುರು ಇಳಿಯಬಾರದು. ಒಡೆದರೆ ಚೂರು ಚೂರಾಗಿ ಬಿರಿದು, ಒಡೆದ ಮೈಯಲ್ಲಿ ಸಣ್ಣ ಹರಳು ಮಿನುಗಬೇಕು. ನಾನು ಖಾಯಂ ಹೋಗುವ ಅಂಗಡಿಯವರು ಈಚೆಗೆ ಕೇಳುವ ಪ್ರಶ್ನೆಯೇ ಬೇರೆ: "ಇಡೋ ಬೆಲ್ಲ ಬೇಕ್ರೀ, ಈಗ ಹಾಕೋ ಬೆಲ್ಲ ಬೇಕ್ರೀ?" ಬೆಲ್ಲದಲ್ಲಿ ಹೀಗೆ ಎರಡು ಜಾತಿಯಿದೆ ಎಂದು ತಿಳಿಯಲು ನನಗೆ ಹತ್ತು ಕಿಲೋ ಖರ್ಚಾಯಿತು.

ಆರೋಗ್ಯದ ಮಾತನ್ನೂ ಒಂದು ಸಾಲಿನಲ್ಲಿ ಹೇಳಿಬಿಡಬೇಕು. ನೂರು ಗ್ರಾಂ ಬೆಲ್ಲದಿಂದ ಸಿಗುವ ಶಕ್ತಿ 350ರಿಂದ 380 ಕಿಲೋ ಕ್ಯಾಲರಿ. ಸಕ್ಕರೆಗಿಂತ ಸ್ವಲ್ಪ ಕಡಿಮೆ, ಅಷ್ಟೇ. ಖನಿಜ ಇದೆಯೆಂದು ಮಧುಮೇಹಿಗಳಿಗೆ ಬೆಲ್ಲ ತಿನ್ನಿಸುವುದು ಮೊಣಕೈಗೆ ಬೆಲ್ಲ ಹಚ್ಚಿದ ಹಾಗೆ.

ಅಟ್ಟ, ಹೊಟ್ಟು, ಡಬ್ಬಿ

ಹಳೇ ಮನೆಗಳಲ್ಲಿ ಬೆಲ್ಲ ಇರುತ್ತಿದ್ದದ್ದು ಒಲೆಯ ನೇರಕ್ಕೆ, ಅಟ್ಟದ ಮೇಲೆ. ಮಣ್ಣಿನ ಗಡಿಗೆಯ ತಳಕ್ಕೆ ಒಣ ಹುಲ್ಲು ಅಥವಾ ಹೊಟ್ಟು, ಅದರ ಮೇಲೆ ಬೆಲ್ಲ, ಮೇಲೆ ಮತ್ತೆ ಹೊಟ್ಟು, ಬಾಯಿಗೆ ಬಟ್ಟೆ ಕಟ್ಟಿ ಮಣ್ಣು ಮೆತ್ತುತ್ತಿದ್ದರು. ಇದರಲ್ಲಿ ಒಂದೊಂದಕ್ಕೂ ಕಾರಣವಿದೆ. ಗಾಳಿ ಬಿಸಿಯಾದಷ್ಟೂ ಅದರಲ್ಲಿರುವ ತೇವ ಬೆಲ್ಲಕ್ಕೆ ಹತ್ತುವುದು ಕಡಿಮೆ. ಹಾಗಾಗಿ ಒಲೆಯ ಮೇಲಿನ ಅಟ್ಟ ಮಳೆಗಾಲದಲ್ಲೂ ಮನೆಯ ಅತಿ ಒಣ ಜಾಗ. ಗಡಿಗೆಯೊಳಗೆ ನುಸುಳಿದ ತೇವವನ್ನು ಹೊಟ್ಟು ಮೊದಲು ಹೀರಿಕೊಳ್ಳುತ್ತದೆ. ಮೆತ್ತಿದ ಮಣ್ಣು ಹೊರಗಿನ ಗಾಳಿಯನ್ನು ತಡೆಯುತ್ತದೆ.

ಗ್ಯಾಸ್ ಬಂದು ಅಟ್ಟ ಹೋಯಿತು. ಈಗಿನ ಕಟ್ಟೆಯ ಕೆಳಗಿನ ಗೂಡು, ಪಕ್ಕದ ಸಿಂಕಿನ ಕೊಳವೆಯ ಜೊತೆ, ಮನೆಯ ಅತಿ ಒದ್ದೆ ಜಾಗ. ನಾನು ಬೆಲ್ಲ ಇಟ್ಟದ್ದು ಅಲ್ಲಿ. ಅದೂ ಒಣಗಿಸದೆ. ಪ್ಲಾಸ್ಟಿಕ್ಕಿನ ಬಾಯಿ ಬಿಗಿದಾಗ ಒಳಗಿನ ತೇವ ಒಳಗೇ ಸಿಕ್ಕಿಕೊಂಡಿತು. ಹಗಲಿನ ಬಿಸಿಗೆ ಹೊರಬಂದದ್ದು ರಾತ್ರಿಯ ತಂಪಿಗೆ ಹನಿಯಾಗಿ ಬೆಲ್ಲದ ಮೇಲೆಯೇ ಕೂತಿತು. ಮಳೆಗಾಲದಲ್ಲಿ ಚೀಲದ ತೂತು ಉಳಿದ ಕೆಲಸ ಮಾಡಿತು. ತೆಳುವಾದ ಸಿಹಿ ನೀರು ಸಿಕ್ಕರೆ ಯೀಸ್ಟ್ ಬಿಡುವುದುಂಟೇ? ಹುಳಿ ವಾಸನೆ ಅದರ ಕೈಗುಣ. ಅವ್ವ 'ಬಾಯಿ ಕಟ್ಟಿ' ಎಂದದ್ದು ಇದನ್ನೇ. ಬಾಯಿ ಕಟ್ಟಬೇಕು, ಆದರೆ ಬೆಲ್ಲ ಒಣಗಿದ ಮೇಲೆ.

ಫ್ರಿಜ್ಜಿನಲ್ಲಿಟ್ಟರೆ? ತಂಪಿನಲ್ಲಿ ಬೆಲ್ಲ ಕಪ್ಪಾಗುವುದು, ಹುಳಿಯುವುದು ನಿಧಾನ. ಅಪಾಯ ಇರುವುದು ಡಬ್ಬಿ ಹೊರಗೆ ತಂದಾಗ. ತಣ್ಣಗಿರುವ ಬೆಲ್ಲದ ಬಾಯಿ ತೆರೆದೊಡನೆ ಹೊರಗಿನ ಗಾಳಿಯ ತೇವ ಅದರ ಮೇಲೆ ಇಬ್ಬನಿಯಂತೆ ಕೂರುತ್ತದೆ. ಸಣ್ಣ ಸಣ್ಣ ಡಬ್ಬಿ ಮಾಡಿ, ಹೊರತಂದ ಡಬ್ಬಿ ಮನೆಯ ಬಿಸಿಗೆ ಬಂದ ಮೇಲೆಯೇ ಮುಚ್ಚಳ ತೆಗೆದರೆ ತೊಂದರೆಯಿಲ್ಲ.

ಮಳೆಗಾಲ ದಾಟಿಸಲು

• ಕೊಳ್ಳುವುದು ಶಿವರಾತ್ರಿಯಿಂದ ಯುಗಾದಿಯೊಳಗೆ. ಹೊಸ ಬೆಲ್ಲ, ಒಣ ಗಾಳಿ ಎರಡೂ ಒಟ್ಟಿಗೆ ಸಿಗುವ ಕಾಲ ಅದು.

• ಇಡೀ ಪೆಂಟಿ ಇಡಬೇಡಿ. ಮುಷ್ಟಿ ಗಾತ್ರಕ್ಕೆ ಒಡೆದು, ತೆಳು ಬಟ್ಟೆ ಹೊದಿಸಿ, ನೆರಳಿನ ಗಾಳಿಗೆ ಎರಡು ಮೂರು ದಿನ ಆರಿಸಿ.

• ಒಂದೊಂದನ್ನು ಒಣ ಕಾಗದದಲ್ಲಿ ಸುತ್ತಿ, ಬಾಯಿ ಬಿಗಿಯಾದ ಸ್ಟೀಲ್ ಡಬ್ಬಿಯಲ್ಲಿ ಒತ್ತಾಗಿ ತುಂಬಿ. ಡಬ್ಬಿಯಲ್ಲಿ ಖಾಲಿ ಜಾಗ ಕಡಿಮೆಯಿದ್ದಷ್ಟೂ ಒಳ್ಳೆಯದು.

• ದಿನಬಳಕೆಗೆ ಬೇರೆ ಸಣ್ಣ ಡಬ್ಬಿ. ದೊಡ್ಡದರ ಬಾಯಿ ತಿಂಗಳಿಗೊಮ್ಮೆ, ಮಳೆ ಹೊಳವಾದ ದಿನ ಮಾತ್ರ ತೆಗೆಯಿರಿ. ಒದ್ದೆ ಕೈ, ಒದ್ದೆ ಚಮಚ ಬೇಡ.

• ಒದ್ದೆಯಾಗಿದೆ, ಹುಳಿ ವಾಸನೆಯಿಲ್ಲ ಎಂದಾದರೆ ಕರಗಿಸಿ, ಸೋಸಿ, ಎಳೆ ಪಾಕಕ್ಕೆ ಕುದಿಸಿ ಬಾಟಲಿಗೆ ತುಂಬಿ ಬೇಗ ಬಳಸಿಬಿಡಿ.

• ಮೇಲೆ ಬಿಳಿ ಕಂಡರೆ ಮುಟ್ಟಿ ನೋಡಿ. ಗರಗರ ಎಂದರೆ ಸಕ್ಕರೆ ಹರಳು. ಹತ್ತಿಯಂತಿದ್ದರೆ ಬೂಸ್ಟು, ಅದನ್ನು ಎಸೆಯುವುದೇ ಸರಿ.

ತಾಟಿನ ನೀರು

ಮರುವರ್ಷ ಪಾಠ ಕಲಿತವರಂತೆ ಎಲ್ಲವನ್ನೂ ಮಾಡಿದೆ. ಮಾರ್ಚಿನಲ್ಲಿ ತಂದೆ, ಒಡೆದೆ, ಹಳೇ ಧೋತರದ ಮೇಲೆ ಹರವಿ ಆರಿಸಿದೆ, ಕಾಗದ ಸುತ್ತಿ ಡಬ್ಬಿಗೆ ತುಂಬಿದೆ. ಇರುವೆ ಬರಬಾರದೆಂದು ಒಂದು ಅಗಲ ತಾಟಿಗೆ ನೀರು ಹಾಕಿ, ನಡುವೆ ಡಬ್ಬಿ ಕೂರಿಸಿದೆ. ಊರಿನಲ್ಲಿ ಎಲ್ಲರೂ ಮಾಡುವ ಉಪಾಯವೇ.

ಅವ್ವ ಅದನ್ನು ನೋಡಿ ನಕ್ಕಳು. "ಇರುವಿಗೆ ಅಂಜಿ ಬೆಲ್ಲಾನ ನೀರಾಗ ಕುಂದ್ರಿಸೀಯೇನು?"

ತಾಟಿನಿಂದ ಡಬ್ಬಿ ಎತ್ತಿ, ಸೆರಗಿನಿಂದ ತಳ ಒರೆಸಿ, ಅಕ್ಕಿ ಗಿರಣಿಯಿಂದ ತಂದಿದ್ದ ಭತ್ತದ ಹೊಟ್ಟಿನ ಡ್ರಮ್ಮಿನಲ್ಲಿ ಹೂತಳು. ಕಾಲುವೆ ತಂದ ಭತ್ತದ ಹೊಟ್ಟು, ಕಾಲುವೆ ತಂದ ತೇವಕ್ಕೆ ಕಾವಲು ಕೂತಿತು. ಖಾಲಿ ತಾಟಿನ ನೀರನ್ನು ತುಳಸಿಕಟ್ಟೆಗೆ ಸುರಿದಳು.

ಆ ಶ್ರಾವಣದಲ್ಲಿ ಜಿಟಿಜಿಟಿ ಮಳೆ ವಾರಗಟ್ಟಲೆ ಹಿಡಿಯಿತು. ಗೋಡೆಗೆ ನೇತುಹಾಕಿದ ಪಂಚಾಂಗದ ಹಾಳೆಯೂ ಮೆತ್ತಗಾಗಿತ್ತು. ಪಂಚಮಿಯ ಹಿಂದಿನ ದಿನ ಹೊಟ್ಟು ಸರಿಸಿ ಡಬ್ಬಿ ತೆಗೆದೆ. ಕಾಗದ ಬಿಚ್ಚಿದರೆ ಬೆರಳಿಗೆ ಏನೂ ಅಂಟಲಿಲ್ಲ. ಕೈಯಿಂದ ಮುರಿಯಲು ನೋಡಿದೆ, ಆಗಲಿಲ್ಲ. ಅವ್ವ ಒಳಕಲ್ಲಿಗೆ ಹಾಕಿ ಗುಂಡುಕಲ್ಲಿನಿಂದ ಒಂದೇಟು ಕೊಟ್ಟಳು. 'ಟಕ್' ಎಂದು ಬಿರಿದ ಚೂರೊಂದು ಸಿಡಿದು ನೆಲಕ್ಕೆ ಬಿದ್ದು ಹೊಸ್ತಿಲವರೆಗೆ ಉರುಳಿತು. ಅದರ ಬಳಿಗೆ ಮೊದಲು ಹೋದದ್ದು ಇರುವೆಯಲ್ಲ, ನಾನು.